ತೋಟದ ಮರ ಅಳೆಯೋಕೆ ಬಂದವರು ಯಾರು? ಒಳಗೆ ಬಿಡಬಹುದಾ?

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ನಮ್ಮದು ರೋಬಸ್ಟಾ ಕಾಫಿ ತೋಟ. ಮೊನ್ನೆ ನಾಲ್ಕು ಜನ ಹುಡುಗ ಹುಡುಗಿಯರು ಜೀಪಿನಲ್ಲಿ ಬಂದು, ಯೂನಿವರ್ಸಿಟಿಯ ಪರಿಸರ ಸಂಶೋಧನಾ ಲ್ಯಾಬ್‌ನವರು, ನಿಮ್ಮ ತೋಟದ ಮರ ಅಳೆಯಬೇಕು ಎಂದರು. ಒಬ್ಬಳು ಪಿಎಚ್‌ಡಿ, ಒಬ್ಬ ಜೆಆರ್‌ಎಫ್, ಇನ್ನಿಬ್ಬರು ಏನೋ ಗೊತ್ತಾಗಲಿಲ್ಲ. ಮೇಷ್ಟ್ರು ಬಂದಿರಲಿಲ್ಲ. ಇವರೆಲ್ಲ ಯಾರು? ಒಳಗೆ ಬಿಟ್ಟರೆ ನಾಳೆ ತೋಟವನ್ನೇ ಅರಣ್ಯ ಅಂತ ಬರೆದುಬಿಡಲ್ವಾ?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಸಾಲೇ ನಿಜವಾದ ಪ್ರಶ್ನೆ. ಅದನ್ನೇ ಮೊದಲು ನೋಡೋಣ.

ಇಲ್ಲ, ಹಾಗೆ ಬರೆಯೋಕೆ ಅವರಿಂದ ಆಗುವುದಿಲ್ಲ. ಒಂದು ಜಾಗ ಮೀಸಲು ಅರಣ್ಯ ಆಗಬೇಕಾದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಸರ್ಕಾರ ಮೊದಲು ಸೆಕ್ಷನ್ 4ರ ಅಧಿಸೂಚನೆ ಹೊರಡಿಸಬೇಕು. ಹಕ್ಕು ಇರುವವರ ಅಹವಾಲು ಕೇಳಬೇಕು. ಅದೆಲ್ಲ ಮುಗಿದ ಮೇಲೆ ಸೆಕ್ಷನ್ 17ರ ಅಂತಿಮ ಘೋಷಣೆ. ಇದರಲ್ಲಿ ಯೂನಿವರ್ಸಿಟಿ ಲ್ಯಾಬ್‌ಗೆ ಯಾವ ಪಾತ್ರವೂ ಇಲ್ಲ.

ಆದರೆ ನಿಮ್ಮ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ, ಅದು ನನಗೂ ಗೊತ್ತು. ಪಶ್ಚಿಮ ಘಟ್ಟದಲ್ಲಿ ಪರಿಸರ ಸೂಕ್ಷ್ಮ ಪ್ರದೇಶ ಯಾವುದು ಅಂತ ಗುರುತಿಸಿದ ಕಸ್ತೂರಿರಂಗನ್ ವರದಿ ಬಂದ 2013ರಿಂದ ಕೊಡಗಿನಲ್ಲಿ ಯಾರಾದರೂ ಜಿಪಿಎಸ್ ಹಿಡಿದು ಗೇಟ್ ಮುಂದೆ ನಿಂತರೆ ಎದೆ ಧಸಕ್ ಅನ್ನುತ್ತದೆ. ಮೊದಲ ಕರಡು ಅಧಿಸೂಚನೆ 2014ರ ಮಾರ್ಚ್‌ನಲ್ಲಿ ಬಂತು. ಆಮೇಲೆ ಮತ್ತೆ ಮತ್ತೆ ಬಂತು, 2024ರ ಜುಲೈ ಕೊನೆಗೆ ಮತ್ತೊಂದು. ಆದರೆ ಆ ವರದಿ ಗಡಿ ಗುರುತಿಸಿದ್ದು ಉಪಗ್ರಹದ ಚಿತ್ರ ನೋಡಿ. ಊರಿಗೆ ಊರೇ ಲೆಕ್ಕ. ಒಂದು ಊರಿನ ಜಾಗದಲ್ಲಿ ಶೇ. 20ರಷ್ಟು ಅಥವಾ ಜಾಸ್ತಿ ಸೂಕ್ಷ್ಮ ಪ್ರದೇಶ ಕಂಡರೆ ಇಡೀ ಊರು ಪಟ್ಟಿಗೆ ಸೇರಿತು. ಅದಕ್ಕೆ ನಿಮ್ಮ ಗೇಟ್ ತೆಗೆಯಬೇಕಾದ ಅಗತ್ಯವೇ ಇರಲಿಲ್ಲ. ಮೇಲಿಂದ ನೋಡುವ ಕಣ್ಣಿಗೆ ದಟ್ಟ ನೆರಳಿನ ಕಾಫಿ ತೋಟವೂ ಕಾಡೂ ಒಂದೇ ಥರ ಹಸಿರು. ಬೆಳೆಗಾರರ ತಕರಾರು ಇದೇ ಅಲ್ವಾ? ಕೇರಳದವರು ಪಂಚಾಯಿತಿ ಮಟ್ಟದಲ್ಲಿ ನೆಲದ ಮೇಲೆ ನಡೆದು ಪರಿಶೀಲನೆ ಮಾಡಿಸಿದರು. ಅವರ ಪಾಲಿನ ಸೂಕ್ಷ್ಮ ಪ್ರದೇಶ 13,108 ಚದರ ಕಿ.ಮೀ.ನಿಂದ 9,993.7ಕ್ಕೆ ಇಳಿಯಿತು. ತೋಟ ಯಾವುದು, ಕಾಡು ಯಾವುದು ಅಂತ ಬೇರೆ ಮಾಡಿ ತೋರಿಸೋಕೆ ಟೇಪ್ ಹಿಡಿದು ಓಡಾಡುವ ಇಂಥ ಹುಡುಗರೇ ಬೇಕು.

ಈಗ ಅವರು ಯಾರು ಅನ್ನೋದು.

ಲ್ಯಾಬ್ ಅಂದರೆ ಗಾಜಿನ ಬಾಟಲಿ, ಬಿಳಿ ಕೋಟು ಅಂದುಕೊಳ್ಳಬೇಡಿ. ಪರಿಸರ ವಿಜ್ಞಾನದಲ್ಲಿ ಒಬ್ಬ ಪ್ರೊಫೆಸರ್ ಮತ್ತು ಅವರ ಕೈಕೆಳಗೆ ಕೆಲಸ ಮಾಡುವ ತಂಡಕ್ಕೇ ಲ್ಯಾಬ್ ಅನ್ನುತ್ತಾರೆ. ಪ್ರೊಫೆಸರನ್ನು ಪ್ರಾಜೆಕ್ಟ್ ಕಾಗದದಲ್ಲಿ ಪ್ರಿನ್ಸಿಪಲ್ ಇನ್ವೆಸ್ಟಿಗೇಟರ್ ಅಂತ ಬರೆಯುತ್ತಾರೆ, ಬಾಯಲ್ಲಿ ಪಿಐ. ದುಡ್ಡು ತರುವುದು, ಲೆಕ್ಕ ಕೊಡುವುದು, ಪಾಠ ಮಾಡುವುದು, ತಪ್ಪಾದರೆ ಉತ್ತರ ಹೇಳುವುದು ಇವರ ಪಾಲಿಗೆ. ಹಾಗಾಗಿ ತೋಟಕ್ಕೆ ಬರುವುದು ಅಪರೂಪ. ಅದು ಅಸಡ್ಡೆ ಅಲ್ಲ.

ಪಿಎಚ್‌ಡಿ ಮಾಡುವವಳು ಅಂದರೆ ಈ ವಿಷಯಕ್ಕೆ ಐದಾರು ವರ್ಷ ಕೊಟ್ಟವಳು. ಯಾವ ಮರ ಅಳೆಯಬೇಕು, ಯಾಕೆ ಅಂತ ತೀರ್ಮಾನಿಸಿರುವುದು ಬಹುಶಃ ಅವಳೇ. ನಿಮ್ಮ ಪ್ರಶ್ನೆಗಳನ್ನು ಅವಳಿಗೇ ಕೇಳಿ. ಜೆಆರ್‌ಎಫ್ ಅಂದರೆ ಜೂನಿಯರ್ ರಿಸರ್ಚ್ ಫೆಲೋ, ಎಂಎಸ್ಸಿ ಮುಗಿಸಿ ಪರೀಕ್ಷೆ ಪಾಸಾಗಿಯೋ ಪ್ರಾಜೆಕ್ಟ್ ಮೂಲಕವೋ ಸೇರಿದವರು. 2023ರ ಜನವರಿಯಿಂದ ಲೆಕ್ಕ ಹಿಡಿದು ಕೇಂದ್ರ ಸರ್ಕಾರ ಇವರ ತಿಂಗಳ ಫೆಲೋಶಿಪ್ಪನ್ನು 37,000 ರೂಪಾಯಿ ಮಾಡಿದೆ, ಸೀನಿಯರ್ ಆದರೆ 42,000. ಆ ದುಡ್ಡು ತಿಂಗಳು ತಿಂಗಳು ಸರಿಯಾಗಿ ಬರುತ್ತದೆ ಅಂದುಕೊಳ್ಳಬೇಡಿ. ಉಳಿದಿಬ್ಬರಲ್ಲಿ ಒಬ್ಬರು ಎಂಎಸ್ಸಿ ವಿದ್ಯಾರ್ಥಿಯೋ ಇಂಟರ್ನೋ ಇರಬಹುದು. ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಮಕ್ಕಳೂ ಇಂಥ ತಂಡಗಳ ಜೊತೆ ಬರುವುದುಂಟು.

ನಾಲ್ಕನೆಯವರನ್ನು ಮಾತ್ರ ನೀವು ಸರಿಯಾಗಿ ಗಮನಿಸಿದಂತಿಲ್ಲ. ಮಾತು ಕಡಿಮೆ, ಸೊಂಟದಲ್ಲಿ ಕತ್ತಿ, ಮುಂದೆ ಮುಂದೆ ನಡೆಯುವವರು. ಫೀಲ್ಡ್ ಅಸಿಸ್ಟೆಂಟ್. ಅಕ್ಕಪಕ್ಕದ ಹಾಡಿಯವರೇ ಹೆಚ್ಚು, ಜೇನು ಕುರುಬರು, ಬೆಟ್ಟ ಕುರುಬರು, ಯರವರು. ತೊಗಟೆಯನ್ನು ಕತ್ತಿಯ ಮೊನೆಯಲ್ಲಿ ಒಂದು ಚೂರು ಕೆತ್ತಿ ನೋಡುತ್ತಾರೆ. ಕೆಂಪು ರಸ ಒಸರಿದರೆ ಹೊನ್ನೆ. ಹಾಲು ಬಂದರೆ ಬೇರೆ ಜಾತಿಯ ಮರ. ಒಮ್ಮೊಮ್ಮೆ ಮೂಸಿಯೇ ಹೇಳುತ್ತಾರೆ. ಎಲೆ ಐವತ್ತು ಅಡಿ ಮೇಲಿದ್ದಾಗ ಪುಸ್ತಕ ಹಿಡಿದ ಎಂಎಸ್ಸಿಯವರು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿರುತ್ತಾರೆ, ಇವರು ಆಗಲೇ ಮುಂದಿನ ಮರದ ಹತ್ತಿರ ಇರುತ್ತಾರೆ. ಕೊಲ್ಲಿಯ ಆಚೆ ಆನೆ ನಿಂತಿದೆಯಾ ಅಂತ ಮೊದಲು ಗೊತ್ತಾಗುವುದೂ ಇವರಿಗೇ. ಆದರೂ ಲ್ಯಾಬ್‌ನ ಸದಸ್ಯರ ಪಟ್ಟಿಯಲ್ಲಿ ಇವರ ಫೋಟೊ ಸಾಮಾನ್ಯವಾಗಿ ಇರುವುದಿಲ್ಲ. ಪ್ರಬಂಧದ ಕೊನೆಗೆ ಕೃತಜ್ಞತೆಯಲ್ಲಿ ಒಂದು ಸಾಲು, ಅಷ್ಟೆ. ಇದು ನನಗಂತೂ ಸರಿ ಕಾಣುವುದಿಲ್ಲ. ಮರದ ಹೆಸರು ತಪ್ಪಾದರೆ ಇಡೀ ಲೆಕ್ಕವೇ ತಪ್ಪು, ಆ ಹೆಸರು ಹೇಳಿದವರು ಇವರು.

ಮರ ಅಳೆಯುವುದು ನೋಡಲು ಸುಲಭ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ. ಇಳಿಜಾರಿನಲ್ಲಿ ಮೇಲ್ಬದಿಗೆ ನಿಂತು ಅಳೆಯಬೇಕು. ಬುಡದಲ್ಲಿ ಬೇರು ಹಲಗೆಯಂತೆ ಎದ್ದಿದ್ದರೆ ಅದು ಮುಗಿಯುವಲ್ಲಿಂದ ಮೇಲೆ. ನಿಜವಾದ ಪೇಚಾಟ ಇರುವುದು ನಮ್ಮ ಮೆಣಸಿನ ಬಳ್ಳಿಯಲ್ಲಿ. ಟೇಪ್ ಬಳ್ಳಿಯ ಮೇಲೆ ಸುತ್ತಿದರೆ ಮರ ಇರುವುದಕ್ಕಿಂತ ದಪ್ಪ ಅಂತ ಬರುತ್ತದೆ. ಒಳಗೆ ತೂರಿಸಲು ಹೋಗಿ ಬಳ್ಳಿ ಎಳೆದರೆ ಮರಕ್ಕೆ ಅಂಟಿಕೊಂಡ ಬೇರುಗಳು ಕಿತ್ತು ಬರುತ್ತವೆ, ಆ ಬಳ್ಳಿ ಮತ್ತೆ ಹಿಡಿಯುವುದು ಕಷ್ಟ. ಪಳಗಿದವರು ಎರಡು ಬಳ್ಳಿಯ ನಡುವಿನ ಸಂದಿಯಲ್ಲಿ ಟೇಪಿನ ತುದಿಯನ್ನು ಬೆರಳಿನಿಂದ ನಿಧಾನ ದೂಡಿಕೊಂಡು ಆ ಕಡೆ ತೆಗೆಯುತ್ತಾರೆ. ಬಳ್ಳಿ ಪೂರ್ತಿ ಮುಚ್ಚಿದ್ದರೆ ಆ ಮರಕ್ಕೆ ಕೈ ಹಾಕದೆ ಕಣ್ಣಂದಾಜು ಅಂತ ಪಕ್ಕದಲ್ಲಿ ಬರೆದುಕೊಳ್ಳುತ್ತಾರೆ. ಮೊದಲ ಮರದ ಹತ್ತಿರ ನೀವೋ ತೋಟದ ಲೆಕ್ಕ ನೋಡುವ ನಿಮ್ಮ ರೈಟರೋ ಐದು ನಿಮಿಷ ನಿಂತು ನೋಡಿ. ಕೈ ಹೇಗೆ ಅಂತ ಗೊತ್ತಾಗುತ್ತದೆ. ಬಳ್ಳಿ ಎಳೆದರೆ ಅಲ್ಲೇ ಸಾಕು ಎನ್ನಿ, ಸಂಕೋಚ ಬೇಡ.

ಮೊಳೆ ವಿಷಯವೂ ಕೇಳಿಕೊಳ್ಳಿ. ಮುಂದಿನ ವರ್ಷ ಬಂದು ಅದೇ ಮರ ಅಳೆಯುವವರು ಅಲ್ಯೂಮಿನಿಯಂ ಬಿಲ್ಲೆಗೆ ನಂಬರ್ ಹಾಕಿ ಮರಕ್ಕೆ ಹೊಡೆಯುತ್ತಾರೆ. ಮಾರುವ ಸಿಲ್ವರ್ ಓಕ್‌ಗೆ ಮೊಳೆ ಬೇಡ, ಗರಗಸಕ್ಕೆ ಸಿಕ್ಕರೆ ಮಿಲ್ಲಿನವರ ಬೈಗುಳ ನಿಮಗೆ. ಬಣ್ಣದ ಗುರುತು ಹಾಕಿ ಎಂದರೆ ಒಪ್ಪುತ್ತಾರೆ. ಎದುರು ಹಾದುಹೋದವರ ಫೋಟೊ ತಾನೇ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಕಟ್ಟುವುದಾದರೆ ಕೆಲಸದವರ ಲೈನ್ ಮನೆಯ ದಾರಿಯಲ್ಲಿ ಬೇಡ ಎಂದು ಮೊದಲೇ ಹೇಳಿ. ಆನೆಗಿಂತ ಜಾಸ್ತಿ ಫೋಟೊ ಕೆಲಸಕ್ಕೆ ಹೋಗುವ ಹೆಂಗಸರದ್ದೇ ಬರುತ್ತದೆ, ಅದು ಅವರಿಗೂ ಮುಜುಗರ.

ಕಾಗದಪತ್ರ ಅಂದರೆ ಇಷ್ಟು. ಪಿಐ ಸಹಿ ಇರುವ, ಯೂನಿವರ್ಸಿಟಿ ಲೆಟರ್‌ಹೆಡ್‌ನ ಪತ್ರ ಇರಬೇಕು. ಅದರಲ್ಲಿರುವ ಮೊಬೈಲ್ ನಂಬರ್ ಬಿಡಿ, ವಿಭಾಗದ ಆಫೀಸಿಗೆ ಫೋನ್ ಮಾಡಿ ವಿಚಾರಿಸಿ. ಖಾಸಗಿ ತೋಟದಲ್ಲಿ ಮರ ಅಳೆಯಲು ನಿಮ್ಮ ಒಪ್ಪಿಗೆ ಸಾಕು. ಆದರೆ 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿಯನ್ನು ಹಿಡಿಯಬೇಕಾದರೆ, ಜಾಗ ನಿಮ್ಮದೇ ಆಗಿದ್ದರೂ, ಮುಖ್ಯ ವನ್ಯಜೀವಿ ವಾರ್ಡನ್ ಅನುಮತಿ ಬೇಕು. ತಂಡದಲ್ಲಿ ವಿದೇಶಿಯರು ಇದ್ದು ಎಲೆ, ಬೀಜ, ಕೀಟ ಏನಾದರೂ ಸಂಶೋಧನೆಗೆ ಸಂಗ್ರಹಿಸುವುದಾದರೆ 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಚೆನ್ನೈನಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಒಪ್ಪಿಗೆ ಇರಬೇಕು. ಪತ್ರ ತೋರಿಸಿ ಎಂದರೆ ಒಳ್ಳೆಯ ತಂಡದವರು ಬೇಸರ ಮಾಡಿಕೊಳ್ಳುವುದಿಲ್ಲ.

ಇದರಿಂದ ನಮಗೇನು ಲಾಭ ಅಂತ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಪೊನ್ನಂಪೇಟೆ ಕಾಲೇಜಿನವರೂ ಆಕ್ಸ್‌ಫರ್ಡ್‌ನವರೂ ಸೇರಿ ಕೊಡಗಿನ ಮೀಸಲು ಅರಣ್ಯ, ದೇವರಕಾಡು, ಕಾಫಿ ತೋಟ ಮೂರರಲ್ಲೂ 58 ಕಡೆ ಮರ, ಹಕ್ಕಿ, ಅಣಬೆ ನೋಡಿ 2005ರಲ್ಲಿ ಪ್ರಕಟಿಸಿದರು. ಅಳಿವಿನ ಅಂಚಿನ ಕೆಲವು ಮರಗಳು ಮೀಸಲು ಅರಣ್ಯಕ್ಕಿಂತ ದೇವರಕಾಡಿನಲ್ಲೇ ಜಾಸ್ತಿ ಸಿಕ್ಕಿದ್ದವು. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳಿಗಾಗಿ ವಾದ ಮಾಡುವವರ ಕೈಗೆ ಆಗ ಲೆಕ್ಕ ಸಿಕ್ಕಿತು. ಇನ್ನೊಂದು ನಿಮ್ಮ ಬೆಳೆಗೇ ಸಂಬಂಧಿಸಿದ್ದು. ಅರೇಬಿಕಾದ ಹಾಗಲ್ಲ ರೋಬಸ್ಟಾ, ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ್ದು ಬೇಕು. ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗ ಅದನ್ನು ಹೊತ್ತು ತರುವವು ಯಾರು ಅಂತ ಕೊಡಗಿನ ತೋಟಗಳಲ್ಲೇ ಕೂತು ನೋಡಿದ್ದಾರೆ. ತುಡುವೆ, ಮುಜಂಟಿ ಜೇನುಗಳ ಜೊತೆಗೆ ಮುಖ್ಯವಾಗಿ ಹೆಜ್ಜೇನು. ಹೆಜ್ಜೇನು ಕಟ್ಟಲು ಎತ್ತರದ ದೊಡ್ಡ ಮರ ಬೇಕು. ಮರ ಕಪಾತು ಮಾಡಿಸುವಾಗ ಈ ವಿಷಯ ತಲೆಯಲ್ಲಿರಲಿ.

ಒಪ್ಪಿಗೆ ಕೊಡುವಾಗ ಒಂದು ಕರಾರು ಹಾಕಿ: ನಿಮ್ಮ ತೋಟದಲ್ಲಿ ಸಿಕ್ಕ ಮರಗಳ ಪಟ್ಟಿ ನಿಮಗೆ ಕನ್ನಡದಲ್ಲಿ ಬರಬೇಕು, ಕೆಲಸ ಮುಗಿದ ವರ್ಷದೊಳಗೆ. ಪ್ರಕಟಿಸುವಾಗ ಸರ್ವೆ ನಂಬರ್, ಮಾಲೀಕರ ಹೆಸರು ಹಾಕಬಾರದು. ಎರಡನ್ನೂ ಬರವಣಿಗೆಯಲ್ಲೇ ಪಡೆಯಿರಿ. ಕುಯ್ಲಿನ ಸಮಯದಲ್ಲೂ ಹೂ ಬಿಟ್ಟ ದಿನಗಳಲ್ಲೂ ಬರಬೇಡಿ ಎಂದರೆ ಅದೇನೂ ದೊಡ್ಡ ಷರತ್ತಲ್ಲ.

ಬೇಡ ಅನ್ನುವ ಹಕ್ಕೂ ನಿಮಗಿದೆ. ಆದರೆ ನಿಮ್ಮ ತೋಟವೇ ಯಾಕೆ ಅನ್ನುವುದನ್ನು ತಿಳಿದುಕೊಂಡು ಬೇಡ ಎನ್ನಿ. ಸಾಮಾನ್ಯವಾಗಿ ಇಂಥ ಕೆಲಸಕ್ಕೆ ನಕಾಶೆಯ ಮೇಲೆ ಕಂಪ್ಯೂಟರಿನಿಂದ ಚೀಟಿ ಎತ್ತಿದಂತೆ ಜಾಗ ಆರಿಸುತ್ತಾರೆ, ಪರಿಚಯ ನೋಡಿ ಅಲ್ಲ. ಅನುಮಾನ ಇರುವ ಬೆಳೆಗಾರರೆಲ್ಲ ಗೇಟ್ ಹಾಕಿಕೊಂಡರೆ ಹುಡುಗರು ಪರಿಚಯದವರ ತೋಟಗಳನ್ನೇ ಅಳೆದು ಹೋಗುತ್ತಾರೆ. ಆಮೇಲೆ ಕೊಡಗಿನ ತೋಟ ಹೀಗಿದೆ ಅಂತ ವರದಿ ಬಂದಾಗ ಅದರಲ್ಲಿ ನಿಮ್ಮಂಥವರ ತೋಟ ಇರುವುದಿಲ್ಲ.