ಸಿಸ್ಟರ್ ತಡೆದರೆ ಡಾಕ್ಟರ್ ನಿಲ್ಲಬೇಕು

ಕಾಯಿಲೆ ಜೋರಾದರೆ ತಲಪಾಡಿ ದಾಟಿ ಮಂಗಳೂರಿಗೆ ಓಡುವುದು ಕಾಸರಗೋಡಿನವರಾದ ನಮಗೆ ಹೊಸದಲ್ಲ. ಐಸಿಯು ಹೊರಗೆ ಕೂತವರೆಲ್ಲ ಕಾಯುವುದು ದೊಡ್ಡ ಡಾಕ್ಟರಿಗೆ. ಆದರೆ ಅವರು ಒಂದು ಹಾಸಿಗೆಯ ಹತ್ತಿರ ಇರುವುದು ರೌಂಡ್ಸಿನ ಕೆಲವು ನಿಮಿಷ. ಉಳಿದ ಹೊತ್ತೆಲ್ಲ ರೋಗಿಯ ಮೇಲೆ ಕಣ್ಣಿಟ್ಟಿರುವವರು ಸಿಸ್ಟರ್. ಅವರು ಕಂಡದ್ದಕ್ಕೆ ಎಷ್ಟು ಬೆಲೆ ಸಿಗುತ್ತದೆ?

ವೆಂಟಿಲೇಟರಿನಲ್ಲಿರುವವರಿಗೆ ಮಂಪರಿನ ಔಷಧಿ ಕೊಡುತ್ತಾರೆ. ಜಾಸ್ತಿಯಾದರೆ ರೋಗಿ ತಾನಾಗಿ ಉಸಿರಾಡುವುದು ತಡವಾಗುತ್ತದೆ. ಕಡಿಮೆಯಾದರೆ ಒದ್ದಾಡಿ ಟ್ಯೂಬ್ ಕಿತ್ತುಕೊಳ್ಳಬಹುದು. ಈ ಹದ ಗಂಟೆಗಂಟೆಗೂ ಬದಲಾಗುತ್ತದೆ. ಪ್ರತಿ ಸಲ ಡಾಕ್ಟರಿಗೆ ಫೋನ್ ಮಾಡಿ ಕಾಯುತ್ತಾ ಕೂರಲು ಆಗುವುದಿಲ್ಲ, ಅಲ್ವಾ? ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲೇ ಒಪ್ಪಿಕೊಂಡ ನಿಯಮದೊಳಗೆ ಔಷಧಿ ಹೆಚ್ಚುಕಡಿಮೆ ಮಾಡುವ ಅಧಿಕಾರವನ್ನು ನರ್ಸ್‌ಗಳಿಗೇ ಕೊಟ್ಟರು. ರೋಗಿಗಳು ವೆಂಟಿಲೇಟರಿನಲ್ಲಿ ಕಳೆದ ಸಮಯ ಸುಮಾರು ಅರ್ಧಕ್ಕೆ ಇಳಿಯಿತು. ಆಸ್ಟ್ರೇಲಿಯಾದಲ್ಲಿ 2008ರಲ್ಲಿ ಬಂದ ಇಂಥದೇ ಅಧ್ಯಯನದಲ್ಲಿ ಮಾತ್ರ ಲಾಭ ಕಾಣಲಿಲ್ಲ. ಅಲ್ಲಿನ ನರ್ಸ್‌ಗಳಿಗೆ ಆ ಸ್ವಾತಂತ್ರ್ಯ ಮೊದಲಿನಿಂದಲೂ ಇತ್ತು. ಹೊಸ ನಿಯಮ ಹೆಚ್ಚಿಗೆ ಕೊಡುವುದೇನೂ ಉಳಿದಿರಲಿಲ್ಲ. ನನಗಂತೂ ಈ ಎರಡನೆಯ ಫಲಿತಾಂಶವೇ ಹೆಚ್ಚು ಮುಖ್ಯ ಅನಿಸುತ್ತದೆ: ಬೇಕಾದ್ದು ಹೊಸ ನಿಯಮಕ್ಕಿಂತ ನರ್ಸ್‌ಗಳ ಆ ಸ್ವಾತಂತ್ರ್ಯವೇ ಇರಬೇಕು.

ಇನ್ನು ತಡೆಯುವ ಹಕ್ಕು. ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆಯಿಂದ, ಅಂದರೆ ಸೆಂಟ್ರಲ್ ಲೈನಿನಿಂದ, ರಕ್ತಕ್ಕೆ ಸೋಂಕು ಹತ್ತಬಹುದು. ಕೈ ತೊಳೆಯುವುದು, ಚರ್ಮಕ್ಕೆ ಔಷಧಿ ಹಚ್ಚಿ ಶುದ್ಧ ಮಾಡುವುದು, ರೋಗಿಯನ್ನು ಪೂರ್ತಿ ಸ್ಟೆರೈಲ್ ಬಟ್ಟೆಯಿಂದ ಮುಚ್ಚುವುದು, ಇವು ಯಾವ ಡಾಕ್ಟರಿಗೂ ಗೊತ್ತಿಲ್ಲದ್ದಲ್ಲ. ಅವಸರದಲ್ಲಿ ಒಂದು ಬಿಟ್ಟುಹೋಗುತ್ತದೆ, ಅಷ್ಟೇ. ಐಸಿಯು ತಜ್ಞ ಡಾ. ಪೀಟರ್ ಪ್ರೊನೊವೊಸ್ಟ್ ಅವರ ತಂಡ ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಇವನ್ನು ಚೆಕ್‌ಲಿಸ್ಟ್ ಮಾಡಿತು. ಒಂದು ಹೆಜ್ಜೆ ತಪ್ಪಿದರೆ, ತುರ್ತು ಇಲ್ಲದಿದ್ದಲ್ಲಿ, ಡಾಕ್ಟರನ್ನು ಅಲ್ಲೇ ನಿಲ್ಲಿಸುವ ಅಧಿಕಾರ ಸಿಬ್ಬಂದಿಗೆ ಸಿಕ್ಕಿತು. 2006ರ ವರದಿಯ ಪ್ರಕಾರ ಸೋಂಕು ಸುಮಾರು ಮೂರನೇ ಎರಡು ಪಾಲು ಇಳಿಯಿತು. ಬರೀ ಕಾಗದದಿಂದ ಇದು ಆಗುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಐಸಿಯುವಿನಲ್ಲಿ ಅನೇಕರಿಗೆ ಡೆಲಿರಿಯಂ ಬರುತ್ತದೆ, ಹಗಲು ರಾತ್ರಿಯೂ ತಿಳಿಯದಷ್ಟು ಗೊಂದಲ. ಸಿಸ್ಟರ್ ಒಂದೊಂದೇ ಅಕ್ಷರ ಹೇಳಿ, ಗೊತ್ತು ಮಾಡಿದ ಅಕ್ಷರ ಬಂದಾಗ ಕೈ ಒತ್ತಲು ಹೇಳಿ ಪರೀಕ್ಷಿಸುತ್ತಾರೆ. ತುಳು, ಕನ್ನಡ ಮಾತ್ರ ಬರುವ ಬದಿಯಡ್ಕದ ಅಜ್ಜಿಗೆ ಇದನ್ನು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಕೇಳಿದರೆ? ಅರ್ಥವಾಗದೆ ಸುಮ್ನೆ ಇದ್ದವರೂ ಗೊಂದಲದಲ್ಲಿದ್ದಂತೆ ಕಾಣಬಹುದು. ಹಾಗಾಗಿ ಮನೆಯವರು ಒಳಗೆ ಹೋದಾಗ ಸಿಸ್ಟರ್ ಹತ್ತಿರ ಹೇಳಿ: ಇವರ ಭಾಷೆ ಯಾವುದು, ಯಾವ ಕಿವಿ ಮಂದ. ಕನ್ನಡಕ, ಕಿವಿಯ ಮಷಿನ್ ಇದ್ದರೆ ಅವನ್ನೂ ಕೊಟ್ಟು ಬನ್ನಿ.