ಹಗ್ಗವನ್ನು ಓರೆಯಾಗಿ ಕಟ್ಟಿ ನೋಡಿ

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶಾಲೆಯ ಆಟದ ಪೀರಿಯಡ್ ಅಷ್ಟನ್ನು ಕೊಡುವುದು ಅಪರೂಪ. ಉಳಿದದ್ದನ್ನು ಮಕ್ಕಳು ತಾವಾಗಿಯೇ ಮಾಡಿಕೊಳ್ಳಬೇಕು. ಆದರೆ ಪೀರಿಯಡ್‌ನಲ್ಲಿ ನಾವು ಕಲಿಸುವುದೇನು? ಸೀಟಿ ಊದಿದರೆ ಓಡು, ಮತ್ತೆ ಊದಿದರೆ ನಿಲ್ಲು. ಎಷ್ಟು ಸುತ್ತು, ಯಾರ ಜೊತೆ, ಎಲ್ಲವೂ ಮೇಷ್ಟ್ರದೇ ತೀರ್ಮಾನ. ಹೀಗೆ ಬೆಳೆದವರಿಗೆ ರಜೆಯಲ್ಲಿ ಏನು ಮಾಡಬೇಕೆಂದೇ ತೋಚುವುದಿಲ್ಲ.

ಹಾಗಂತ ಸುಮ್ನೆ ಚೆಂಡು ಕೊಟ್ಟು ಬಿಟ್ಟರೂ ಆಗುವುದಿಲ್ಲ. ಜೋರಿರುವ ನಾಲ್ಕು ಜನ ಆಡುತ್ತಾರೆ, ಉಳಿದವರು ಬದಿಯಲ್ಲಿ ಕೂರುತ್ತಾರೆ. ತೀರ್ಮಾನಗಳನ್ನು ಒಂದೊಂದಾಗಿ ಮಕ್ಕಳ ಕೈಗೆ ಕೊಡುತ್ತಾ ಹೋಗಬೇಕು.

ದೈಹಿಕ ಶಿಕ್ಷಣದಲ್ಲಿ ಈ ವಿಚಾರವನ್ನು ವ್ಯವಸ್ಥಿತವಾಗಿ ಮುಂದಿಟ್ಟವರು ಮಸ್ಕಾ ಮಾಸ್ಟನ್. 1966ರಲ್ಲೇ ಅವರು, ಪಾಠದ ಯಾವ ತೀರ್ಮಾನವನ್ನು ಶಿಕ್ಷಕರು ಮಾಡುತ್ತಾರೆ, ಯಾವುದನ್ನು ವಿದ್ಯಾರ್ಥಿ ಮಾಡುತ್ತಾನೆ ಎಂಬುದರ ಮೇಲೆ ಕಲಿಸುವ ಬಗೆಗಳನ್ನು ವಿಂಗಡಿಸಿದರು. ಅವರ ಹಗ್ಗದ ಉದಾಹರಣೆ ನನಗೆ ಬಹಳ ಇಷ್ಟ. ಎತ್ತರ ಜಿಗಿಯಲು ಹಗ್ಗವನ್ನು ಸಮಮಟ್ಟದಲ್ಲಿ ಹಿಡಿದು ಏರಿಸುತ್ತಾ ಹೋದರೆ, ಎಡವಿದವರು ಔಟ್. ಅಂದರೆ ಯಾರಿಗೆ ಅಭ್ಯಾಸ ಜಾಸ್ತಿ ಬೇಕೋ ಅವರೇ ಮೊದಲು ಹೊರಗೆ! ಅದೇ ಹಗ್ಗದ ಒಂದು ತುದಿಯನ್ನು ಮೇಲೆ, ಇನ್ನೊಂದನ್ನು ಕೆಳಗೆ ಹಿಡಿಯಿರಿ. ಈಗ ಯಾರೂ ಔಟ್ ಇಲ್ಲ. ಎಲ್ಲಿ ಜಿಗಿಯಬೇಕೆಂದು ಪ್ರತಿ ಮಗುವೂ ತಾನೇ ಆರಿಸಿಕೊಳ್ಳುತ್ತದೆ.

ಮೊದಮೊದಲು ಕೆಲವರು ತೀರಾ ಸುಲಭದ ಕಡೆಗೆ ಹೋಗುತ್ತಾರೆ. ಕೆಲವರು ಗೆಳೆಯರ ಎದುರು ತೋರಿಸಿಕೊಳ್ಳಲು ಆಗದ ಎತ್ತರಕ್ಕೆ ಹಾರುತ್ತಾರೆ. ತಕ್ಷಣ ಬಾಯಿ ಹಾಕಬೇಡಿ. "ಈ ಜಾಗ ಯಾಕೆ ಆರಿಸಿಕೊಂಡೆ?" ಅಂತ ಕೇಳಿ, ಅಷ್ಟೇ. ನಾಲ್ಕೈದು ಸಲ ಹಾರಿದ ಮೇಲೆ ಹೆಚ್ಚಿನವರು ತಮ್ಮ ಅಳತೆ ತಾವೇ ಕಂಡುಕೊಳ್ಳುತ್ತಾರೆ. ಹಗ್ಗವನ್ನು ಬಿಗಿಯಾಗಿ ಕಟ್ಟಬಾರದು, ಕಾಲು ತಾಗಿದರೆ ಹಗ್ಗವೇ ಜಾರಿ ಬೀಳಬೇಕು. ಇಳಿಯುವ ಕಡೆ ಮರಳು ಅಥವಾ ಮ್ಯಾಟ್ ಇರಲೇಬೇಕು.

ಸ್ವಲ್ಪ ದೊಡ್ಡವರನ್ನು ಜೋಡಿ ಮಾಡಬಹುದು. ಒಬ್ಬ ಚೆಂಡೆಸೆದರೆ, ಇನ್ನೊಬ್ಬ ಚೀಟಿಯಲ್ಲಿ ಬರೆದ ಎರಡು-ಮೂರು ಅಂಶ ನೋಡಿ ಹೇಳುತ್ತಾನೆ: ಪಾದ ಮುಂದಿದೆಯಾ, ಮೊಣಕೈ ಮೇಲಿದೆಯಾ? ಇಲ್ಲಿ ಶಿಕ್ಷಕರು ನೋಡುವವನ ಜೊತೆ ಮಾತ್ರ ಮಾತಾಡಬೇಕು. ಎಸೆಯುವವನನ್ನು ನೇರವಾಗಿ ತಿದ್ದಿದರೆ ನೋಡುವವನ ಕೆಲಸ ಅಲ್ಲಿಗೇ ಮುಗಿಯಿತು. ಇದು ನಮಗೆ ಬಲು ಕಷ್ಟ, ಬಾಯಿ ತಡೆಯುವುದಿಲ್ಲ.

ಹದಿಹರೆಯದವರಿಗೆ ಶ್ರಮ ಅಳೆಯಲು ಕಲಿಸಿ. ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಅಂದರೆ ಅದು ಮಧ್ಯಮ ಶ್ರಮ. ಇಷ್ಟು ಗೊತ್ತಿದ್ದರೆ ವಾರದ ವ್ಯಾಯಾಮವನ್ನು ಅವರೇ ಯೋಜಿಸಬಲ್ಲರು.

ಕೊಡಬಾರದ ತೀರ್ಮಾನಗಳೂ ಇವೆ. ಈಜು, ಭರ್ಜಿ ಎಸೆತದಲ್ಲಿ ಸುರಕ್ಷತೆ ಶಿಕ್ಷಕರ ಹೊಣೆ. ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಆರಿಸಿಕೊಳ್ಳಲು ಬಿಡುವುದಂತೂ ಬೇಡವೇ ಬೇಡ. ಕೊನೆಗೆ ಉಳಿಯುವ ಮಗು ಪ್ರತಿ ಸಲವೂ ಅದೇ ಆಗಿರುತ್ತದೆ. ತಂಡ ನೀವೇ ಮಾಡಿ. ಯಾರು ಎಲ್ಲಿ ಆಡಬೇಕು ಎಂಬುದನ್ನು ತಂಡಕ್ಕೆ ಬಿಡಿ.