ಪದ ಪರಿಚಯ: ಬ್ಲಡ್ ಲೆಡ್ ಲೆವೆಲ್

ಬ್ಲಡ್ ಲೆಡ್ ಲೆವೆಲ್ ಅಂದರೆ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಹೇಳುವ ಅಂಕಿ. ನೂರು ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮೈಕ್ರೋಗ್ರಾಂ ಸೀಸ ಸಿಕ್ಕಿತು ಎಂಬ ಲೆಕ್ಕ ಅದು. ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರೋಗ್ರಾಂ. ಮಗುವಿನ ಲ್ಯಾಬ್ ರಿಪೋರ್ಟಿನಲ್ಲಿ 6 ಅಂತ ಬಂದರೆ, ಇಷ್ಟೇನಾ ಅನ್ನಿಸಬಹುದು. ಆದರೆ ಬೆಳೆಯುತ್ತಿರುವ ಮಿದುಳಿಗೆ ಆ 6 ಬಹಳ ಜಾಸ್ತಿ.

ನಮ್ಮ ದೇಹಕ್ಕೆ ಸೀಸದಿಂದ ಯಾವ ಉಪಯೋಗವೂ ಇಲ್ಲ. ಕಬ್ಬಿಣ, ಸತುವಿನ ಹಾಗೆ ಚೂರಾದರೂ ಬೇಕು ಅನ್ನುವಂತಿಲ್ಲ. ತೊಂದರೆ ಏನೆಂದರೆ, ದೇಹ ಅದನ್ನು ಕ್ಯಾಲ್ಸಿಯಂ ಎಂದುಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ. ಮಕ್ಕಳ ಕರುಳು ದೊಡ್ಡವರ ಕರುಳಿಗಿಂತ ನಾಲ್ಕೈದು ಪಟ್ಟು ಸೀಸ ಹೀರಬಲ್ಲದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಬ್ಬಿಣದ ಅಂಶ ಕಡಿಮೆ ಇರುವ ಮಗು ಇನ್ನೂ ಜಾಸ್ತಿ ಹೀರುತ್ತದೆ. ನಮ್ಮಲ್ಲಿ ಅಂಥ ಮಕ್ಕಳು ಎಷ್ಟಿದ್ದಾರೆ ಅಂತ ನಿಮಗೆ ಗೊತ್ತಲ್ವಾ? ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗೆ ಹಾಕುತ್ತದೆ. ಹಾಗಾಗಿ ಮನೆಯ ಧೂಳಿನಲ್ಲಿರುವ ಸೀಸ ಮೊದಲು ಹೋಗುವುದು ಅದರ ಹೊಟ್ಟೆಗೇ.

ಮೊದಲ ಕೆಲವು ವರ್ಷ ಮಿದುಳಿನಲ್ಲಿ ನರಕೋಶಗಳು ಒಂದಕ್ಕೊಂದು ಜೋಡಣೆಯಾಗುವ ಕಾಲ. ಬೇಕಾದ್ದಕ್ಕಿಂತ ಹೆಚ್ಚು ಜೋಡಣೆಗಳು ಹುಟ್ಟುತ್ತವೆ. ರಾಗಿ ಹೊಲದಲ್ಲಿ ದಟ್ಟವಾಗಿ ಬಿದ್ದ ಪೈರನ್ನು ಕುಂಟೆ ಹೊಡೆದು ತೆಳು ಮಾಡುತ್ತಾರಲ್ಲ, ಹಾಗೆ ಆಮೇಲೆ ಬಳಕೆಯಾಗದ ಜೋಡಣೆಗಳು ಉದುರಿಹೋಗುತ್ತವೆ. ಯಾವುದು ಉಳಿಯಬೇಕು ಎಂದು ತೀರ್ಮಾನವಾಗುವುದು ಕೋಶಗಳ ನಡುವೆ ಓಡಾಡುವ ಸಂಕೇತಗಳಿಂದ. ಆ ಸಂಕೇತಗಳು ನಡೆಯಲು ಕ್ಯಾಲ್ಸಿಯಂ ಬೇಕು. ಸೀಸ ಕೈ ಹಾಕುವುದು ಇಲ್ಲೇ. ಬೇಡದ ಹೊತ್ತಿನಲ್ಲಿ ಸಂಕೇತ ಹೊರಡಿಸುತ್ತದೆ, ಬೇಕಾದ ಹೊತ್ತಿನಲ್ಲಿ ತಡೆಯುತ್ತದೆ. ಕಲಿಕೆಗೂ ನೆನಪಿಗೂ ಬೇಕಾದ ಎನ್‌ಎಂಡಿಎ ಎಂಬ ಗ್ರಾಹಕದ (ನರಕೋಶದ ಮೇಲೆ ಕೂತು ಸಂಕೇತ ಹಿಡಿದುಕೊಳ್ಳುವ ಅಣು) ಕೆಲಸವನ್ನು ಕುಂಠಿತಗೊಳಿಸುತ್ತದೆ. ಉಳಿಯಬೇಕಾದ ಜೋಡಣೆ ಹೋಗುತ್ತದೆ, ಹೋಗಬೇಕಾದ್ದು ಉಳಿಯುತ್ತದೆ.

ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು ಎಲ್ಲಕ್ಕಿಂತ ತಡವಾಗಿ. ಗಮನ ಕೊಡುವುದು, ಸಿಟ್ಟು ತಡೆದುಕೊಳ್ಳುವುದು, ಮುಂದಿನದನ್ನು ಯೋಚಿಸುವುದು ಇವೆಲ್ಲ ಅದರ ಕೆಲಸ. ಅಮೆರಿಕದ ಸಿನ್ಸಿನಾಟಿಯಲ್ಲಿ ಕೆಲವು ಮಕ್ಕಳ ರಕ್ತದ ಸೀಸವನ್ನು ಹುಟ್ಟಿದಾಗಿನಿಂದ ಅಳೆಯುತ್ತಾ ಬಂದರು. ಅವರು ದೊಡ್ಡವರಾದ ಮೇಲೆ ಎಂಆರ್‌ಐ ಮಾಡಿ ನೋಡಿದರು. ಬಾಲ್ಯದಲ್ಲಿ ಸೀಸ ಜಾಸ್ತಿ ಇದ್ದವರಲ್ಲಿ ಮಿದುಳಿನ ಈ ಮುಂಭಾಗದ ಬೂದು ದ್ರವ್ಯ, ಅಂದರೆ ನರಕೋಶಗಳು ತುಂಬಿರುವ ಪದರ, ಕಡಿಮೆ ಇತ್ತು. ಗಂಡಸರಲ್ಲಿ ಇದು ಹೆಚ್ಚು ಎದ್ದು ಕಾಣುತ್ತಿತ್ತು.

ಎಷ್ಟು ಇದ್ದರೆ ಅಪಾಯ ಎನ್ನುವ ಗೆರೆ ಕೆಳಗಿಳಿಯುತ್ತಲೇ ಬಂದಿದೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಅದು 60 ಇತ್ತು. 1975ರಲ್ಲಿ 30, 1985ರಲ್ಲಿ 25, 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. ವಾಂತಿ, ತೀವ್ರ ಹೊಟ್ಟೆನೋವು, ಫಿಟ್ಸ್ ಬಂದ ಮಕ್ಕಳನ್ನು ಮಾತ್ರ ನೋಡುತ್ತಿದ್ದ ಕಾಲದಲ್ಲಿ 60 ಸಾಕು ಅನ್ನಿಸಿತ್ತು. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಬಾಸ್ಟನ್ ಪಕ್ಕದ ಎರಡು ಊರುಗಳ ಶಾಲಾಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ, ಅವುಗಳಲ್ಲಿದ್ದ ಸೀಸ ಅಳೆದು ಪ್ರಕಟಿಸಿದರು. ಆ ಮಕ್ಕಳಲ್ಲಿ ಯಾರಿಗೂ ಕಾಯಿಲೆಯ ಲಕ್ಷಣ ಇರಲಿಲ್ಲ. ಆದರೂ ಹಲ್ಲಿನಲ್ಲಿ ಸೀಸ ಜಾಸ್ತಿ ಇದ್ದವರ ಐಕ್ಯೂ ಕಡಿಮೆ ಇತ್ತು. ಈ ಮಕ್ಕಳು ಪಾಠದಲ್ಲಿ ಗಮನ ಇಡುವುದಿಲ್ಲ ಎಂದು ಟೀಚರ್‌ಗಳೂ ಬರೆದುಕೊಟ್ಟಿದ್ದರು.

2005ರಲ್ಲಿ ಏಳು ಅಧ್ಯಯನಗಳ 1,333 ಮಕ್ಕಳ ಲೆಕ್ಕ ಒಟ್ಟುಗೂಡಿಸಿದಾಗ ಸಿಕ್ಕಿದ ಫಲಿತಾಂಶ ಇನ್ನೂ ಗಾಬರಿ ಹುಟ್ಟಿಸುತ್ತದೆ. ಸೀಸ 2.4ರಿಂದ 10ಕ್ಕೆ ಏರಿದಾಗ ಐಕ್ಯೂ ಸುಮಾರು 3.9 ಅಂಕ ಇಳಿಯುತ್ತದೆ. 10ರಿಂದ 20ಕ್ಕೆ ಏರಿದಾಗ ಇಳಿಯುವುದು 1.9 ಮಾತ್ರ. 20ರಿಂದ 30ಕ್ಕೆ 1.1. ಅಂದರೆ ನಾವು ಲೆಕ್ಕಕ್ಕೇ ತೆಗೆದುಕೊಳ್ಳದ ಸಣ್ಣ ಮಟ್ಟದಲ್ಲೇ ಏಟು ಜೋರು. ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದು ಗೊತ್ತಾಗಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. 5 ಮುಟ್ಟಿದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಡೆಯಬೇಕು ಎನ್ನುವುದು ಅದರ 2021ರ ಸಲಹೆ.

ಈ ಅಂಕಿಯನ್ನು ಓದುವಾಗ ಒಂದು ಎಚ್ಚರ ಬೇಕು. ರಕ್ತದಲ್ಲಿರುವ ಸೀಸ ಹೆಚ್ಚುಕಡಿಮೆ ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮೂಳೆಯೊಳಗೆ ಸೇರಿದ್ದು ದಶಕಗಟ್ಟಲೆ ಕೂತಿರುತ್ತದೆ. ಬಸುರಿಯ ಮೂಳೆಯಿಂದ ಕ್ಯಾಲ್ಸಿಯಂ ಹೊರಬರುವಾಗ ಹಳೆಯ ಸೀಸವೂ ಬರುತ್ತದೆ, ಹೊಟ್ಟೆಯಲ್ಲಿರುವ ಕೂಸನ್ನು ತಲುಪುತ್ತದೆ. ಇನ್ನು ಮಗುವಿನ ಅಂಕಿ ಇಳಿಯಿತು ಎಂದ ಮಾತ್ರಕ್ಕೆ ಮಿದುಳು ಸರಿಹೋಯಿತು ಅಂತಲ್ಲ. ಅಮೆರಿಕದಲ್ಲಿ 780 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಸಕ್ಸಿಮರ್ ಎಂಬ ಔಷಧಿ ರಕ್ತದ ಸೀಸವನ್ನು ಇಳಿಸಿತು. ಬುದ್ಧಿಯ ಪರೀಕ್ಷೆಗಳಲ್ಲಿ ಮಾತ್ರ ಏನೂ ಸುಧಾರಣೆ ಕಾಣಲಿಲ್ಲ. ಅಂಕಿ 45 ದಾಟಿದ ಮಗುವಿಗೆ ಇಂಥ ಚಿಕಿತ್ಸೆ ಬೇಕೇ ಬೇಕು. ಆದರೆ ಕಳೆದುಹೋದದ್ದನ್ನು ಅದು ವಾಪಸ್ ತಂದುಕೊಡುವುದಿಲ್ಲ.

ನಮ್ಮ ದೇಶದಲ್ಲಿ 2000ನೇ ಇಸವಿಯಿಂದ ಪೆಟ್ರೋಲಿಗೆ ಸೀಸ ಬೆರೆಸುವುದು ನಿಂತಿತು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಜಾಸ್ತಿ ಸೀಸ ಇರಬಾರದು ಎಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಆದರೂ ಭಾರತದಲ್ಲಿ ರಕ್ತದ ಸೀಸ 5 ದಾಟಿದ ಮಕ್ಕಳು ಸುಮಾರು 27.5 ಕೋಟಿ ಎಂದು 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಅಂದಾಜು ಮಾಡಿದವು. ಹಳೆ ಬ್ಯಾಟರಿ ಒಡೆದು ಕರಗಿಸುವ ಶೆಡ್ಡುಗಳು, ಉದುರುವ ಹಳೆ ಬಣ್ಣ, ಸುರ್ಮಾ, ಕಲಬೆರಕೆ ಕಲಾಯಿ, ಬಣ್ಣ ಬರಲಿ ಎಂದು ಲೆಡ್ ಕ್ರೋಮೇಟ್ ಬೆರೆಸಿದ ಅರಿಶಿನ ಹೀಗೆ ಸೀಸ ಬರುವ ದಾರಿ ಹಲವು. ಅರಿಶಿನದ ವಿಚಾರದಲ್ಲಿ ಬಾಂಗ್ಲಾದೇಶ ದಾರಿ ತೋರಿಸಿದೆ. 2019ರಲ್ಲಿ ಅಲ್ಲಿ ತಪಾಸಣೆ, ದಂಡ, ಪ್ರಚಾರ ಒಟ್ಟಿಗೆ ಶುರುವಾದವು. 2021ರ ಹೊತ್ತಿಗೆ ಮಾರುಕಟ್ಟೆಯ ಸ್ಯಾಂಪಲ್‌ಗಳಲ್ಲಿ ಸೀಸ ಸಿಗುವುದೇ ನಿಂತಿತು. ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ನಂಜಿನ ರಾಷ್ಟ್ರೀಯ ಕೇಂದ್ರ ಕಟ್ಟಿ ವರ್ಷಗಟ್ಟಲೆ ಸೀಸದ ಅಪಾಯದ ಮಾತನ್ನೇ ಹೇಳುತ್ತಾ ಬಂದರು. ಇಷ್ಟಾದರೂ ಹಿಮೋಗ್ಲೋಬಿನ್ ಎಂದರೆ ಏನೆಂದು ಅಂಗನವಾಡಿಗೆ ಬರುವ ತಾಯಂದಿರಿಗೂ ಗೊತ್ತು, ಈ ಪರೀಕ್ಷೆಯ ಹೆಸರು ಓದಿದವರಿಗೂ ಗೊತ್ತಿಲ್ಲ. ನನಗೆ ಸಂಕಟ ಆಗುವುದು ಇದಕ್ಕೇ.

ಬ್ಯಾಟರಿ, ಪೇಂಟ್, ಬೆಸುಗೆ ಕೆಲಸ ಮಾಡುವವರ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ, ಅಥವಾ ಮಗು ಮಣ್ಣು, ಸುಣ್ಣಬಣ್ಣ ತಿನ್ನುತ್ತಿದ್ದರೆ ಡಾಕ್ಟರ ಹತ್ತಿರ ಈ ಪರೀಕ್ಷೆಯನ್ನು ಹೆಸರು ಹೇಳಿಯೇ ಕೇಳಿ. ಕೆಲಸದ ಬಟ್ಟೆ ಬದಲಿಸಿ, ಕೈಕಾಲು ತೊಳೆದು ಆಮೇಲೆ ಮಗುವನ್ನು ಎತ್ತಿಕೊಳ್ಳಿ. ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಕಸ ಗುಡಿಸಿದರೆ ಧೂಳು ಏಳುತ್ತದೆ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಅಂಕಿ ಜಾಸ್ತಿ ಬಂದರೆ, ತೋಳಿನ ನಾಳದಿಂದ ರಕ್ತ ತೆಗೆಸಿ ಇನ್ನೊಮ್ಮೆ ನೋಡಿಸಬೇಕು. ಬೆರಳಿಗೆ ಅಂಟಿದ ಧೂಳಿನಿಂದಲೂ ಅಂಕಿ ಏರಬಹುದು.